ಕಟ್ಟೆಯ ಮೇಲಿನ ಬೀಡಿ, ತೊಟ್ಟಿಲಲ್ಲಿನ ಶ್ವಾಸಕೋಶ

ನನ್ನ ತಂಗಿಯ ಮಗ ಬಸಿರಿನ 28ನೆಯ ವಾರಕ್ಕೇ, ದಿನ ತುಂಬಲು ಇನ್ನೂ ಹೆಚ್ಚುಕಡಿಮೆ ಮೂರು ತಿಂಗಳು ಬಾಕಿ ಇರುವಾಗ, ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಹುಟ್ಟಿದ. ಒಂದು ಕಿಲೋಗಿಂತ ತುಸುವೇ ಹೆಚ್ಚು ತೂಗುತ್ತಿದ್ದ ಕೂಸು ಒಂಬತ್ತು ವಾರಗಳನ್ನು ಗಾಜಿನ ಪೆಟ್ಟಿಗೆಯಲ್ಲೂ ವಾರ್ಡಿನಲ್ಲೂ ಕಳೆದು, ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿಕೊಂಡೇ ಚಿತ್ತಾಪುರ ತಾಲ್ಲೂಕಿನ ನಮ್ಮೂರಿಗೆ, ಅಂದರೆ ತನ್ನ ತಾಯಿಯ ತವರಿಗೆ ಬಂದಿತು. ಮನೆಗೆ ಕಳಿಸುವ ದಿನ ಮಕ್ಕಳ ವೈದ್ಯರು ಕೇಳಿದ ಹತ್ತಾರು ಪ್ರಶ್ನೆಗಳ ನಡುವೆ ಇದೂ ಒಂದಿತ್ತು: “ಮನ್ಯಾಗ ಯಾರರೆ ಬೀಡಿ, ಸಿಗರೇಟ್ ಸೇದ್ತಾರೇನವ್ವಾ?” ತಂಗಿ ತಡವರಿಸದೆ “ಇಲ್ರಿ ಸರ್” ಎಂದಳು. ಆಕೆ ಸುಳ್ಳು ಹೇಳಲಿಲ್ಲ. ನಮ್ಮ ಅಪ್ಪ ನಲವತ್ತು ವರ್ಷಗಳಿಂದ ಬೀಡಿ ಸೇದುತ್ತಾರೆ ನಿಜ, ಆದರೆ ಮನೆಯೊಳಗೆ ಎಂದೂ ಸೇದಿದವರಲ್ಲ. ಹೊರಗೆ ಕಟ್ಟೆಯ ಮೇಲೆ ಕೂತು ಸೇದಿ, ತುಂಡನ್ನು ಕಾಲಡಿ ಹೊಸಕಿ, ಆಮೇಲೆ ಒಳಗೆ ಬಂದು ಮೊಮ್ಮಗನನ್ನು ಎತ್ತಿಕೊಳ್ಳುತ್ತಾರೆ.

ಆ “ಇಲ್ರಿ” ಎಂಬ ಒಂದು ಮಾತಿನೊಳಗೆ ಎಷ್ಟೆಲ್ಲ ಅಡಗಿತ್ತು ಎಂಬುದು ನಮಗೆ ತಿಳಿಯಲು ಎರಡು ತಿಂಗಳು ಹಿಡಿಯಿತು. ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವ ಮಗುವಿನ ಮಟ್ಟಿಗೆ “ಹೊರಗೆ ಸೇದುವುದು” ಎಂದರೆ ನಿಜಕ್ಕೂ ಎಷ್ಟು ಹೊರಗೆ, ಪರೋಕ್ಷ ಧೂಮಪಾನ, ಅಂದರೆ ಬೇರೆಯವರು ಸೇದಿದ ಹೊಗೆಯನ್ನು ಉಸಿರಾಡುವುದು, ಅಂಥ ಮಗುವಿನ ಎದೆಯೊಳಗೆ ಏನು ಮಾಡುತ್ತದೆ, ಬೇರೆ ಮಕ್ಕಳಿಗಿಂತ ಇಂಥ ಮಕ್ಕಳಿಗೆ ಅದು ಏಕೆ ಹೆಚ್ಚು ಅಪಾಯ ಎಂಬುದನ್ನು ಆ ದಿನಗಳಲ್ಲಿ ವೈದ್ಯರಿಂದ ಕೇಳಿ, ಓದಿ, ಮತ್ತೆ ಕೇಳಿ ತಿಳಿದುಕೊಂಡೆ. ನಮ್ಮ ಭಾಗದಲ್ಲಿ ದಿನ ತುಂಬದೆ ಹುಟ್ಟಿದ ಕೂಸುಗಳು ಈಗ ಮೊದಲಿಗಿಂತ ಹೆಚ್ಚಾಗಿ ಬದುಕಿ ಮನೆಗೆ ಬರುತ್ತಿರುವುದರಿಂದ, ಈ ವಿಷಯ ಇನ್ನೂ ಹಲವು ಮನೆಗಳಿಗೆ ಬೇಕಾಗುತ್ತದೆ ಎಂದು ನನಗೆ ಅನ್ನಿಸುತ್ತದೆ.

ಮೊದಲು ಕಾಯಿಲೆಯ ಮಾತು. ದಿನ ತುಂಬದೆ ಹುಟ್ಟಿದ ಮಕ್ಕಳಲ್ಲಿ ಕಾಣುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆಗೆ ವೈದ್ಯರು ಬ್ರಾಂಕೋಪಲ್ಮನರಿ ಡಿಸ್‌ಪ್ಲೇಸಿಯಾ, ಚಿಕ್ಕದಾಗಿ ಬಿಪಿಡಿ, ಎನ್ನುತ್ತಾರೆ. ಇದನ್ನು ಮೊದಲು ವಿವರಿಸಿದವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದ ವಿಲಿಯಂ ನಾರ್ತ್‌ವೇ ಮತ್ತು ಅವರ ಸಂಗಡಿಗರು, 1967ರಲ್ಲಿ. ಉಸಿರಾಟದ ಯಂತ್ರ ಮತ್ತು ಹೆಚ್ಚಿನ ಪ್ರಮಾಣದ ಆಕ್ಸಿಜನ್‌ನಿಂದ ಜೀವ ಉಳಿದ ಶಿಶುಗಳ ಎದೆಯ ಎಕ್ಸ್‌ರೇಗಳಲ್ಲಿ ಅವರು ಗಾಯ ಮತ್ತು ಕಲೆಗಳನ್ನು ಕಂಡರು. ಇಂದು ಆ ಶಿಶುಗಳಿಗಿಂತಲೂ ಎಷ್ಟೋ ವಾರ ಮೊದಲೇ ಹುಟ್ಟಿದ ಕೂಸುಗಳು ಬದುಕುತ್ತಿವೆ, ಯಂತ್ರಗಳೂ ಮೃದುವಾಗಿವೆ. ಆದ್ದರಿಂದ ಈಗಿನ ಬಿಪಿಡಿಯಲ್ಲಿ ಗಾಯಕ್ಕಿಂತ ಹೆಚ್ಚಾಗಿ ಕಾಣುವುದು ಅರ್ಧಕ್ಕೆ ನಿಂತ ಬೆಳವಣಿಗೆ. ಬಸಿರಿನ ಲೆಕ್ಕದಲ್ಲಿ 36 ವಾರ ತುಂಬಿದ ಮೇಲೂ ಅಂಥ ಮಗುವಿಗೆ ಆಕ್ಸಿಜನ್ ಅಥವಾ ಉಸಿರಾಟದ ನೆರವು ಬೇಕಾಗುತ್ತಿದ್ದರೆ ವೈದ್ಯರು ಸಾಮಾನ್ಯವಾಗಿ ಈ ಹೆಸರನ್ನು ಬರೆಯುತ್ತಾರೆ.

ಅರ್ಧಕ್ಕೆ ನಿಲ್ಲುವುದು ಎಂದರೇನು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಹೊಗೆಯ ಹಾನಿಯೆಲ್ಲ ಇಲ್ಲಿಂದಲೇ ಅರ್ಥವಾಗುವುದು. ಶ್ವಾಸಕೋಶವೆಂದರೆ ಬುಡಮೇಲಾದ ಮರದಂತೆ ಕವಲೊಡೆಯುತ್ತ ಹೋಗುವ ನಾಳಗಳ ವ್ಯವಸ್ಥೆ. ಆ ಕವಲುಗಳ ತುದಿಯಲ್ಲಿ ವಾಯುಕೋಶಗಳೆಂಬ ಅತಿ ಸಣ್ಣ ಗಾಳಿಚೀಲಗಳಿವೆ, ಗಾಳಿಯಲ್ಲಿನ ಆಕ್ಸಿಜನ್ ರಕ್ತಕ್ಕೆ ಇಳಿಯುವುದು ಅಲ್ಲಿ. ದಿನ ತುಂಬಿ ಹುಟ್ಟಿದ ಮಗುವಿನಲ್ಲೂ ಈ ಕೋಶಗಳು ಕೆಲವು ಕೋಟಿಯಷ್ಟೇ ಇರುತ್ತವೆ, ದೊಡ್ಡವರಲ್ಲಿ ಅವು 30 ಕೋಟಿಯನ್ನೂ ಮೀರುತ್ತವೆ. ಅಂದರೆ ಬಹುಪಾಲು ವಾಯುಕೋಶಗಳು ಕಟ್ಟಲ್ಪಡುವುದು ಹುಟ್ಟಿದ ಮೇಲೆಯೇ, ಅದರಲ್ಲೂ ಮೊದಲ ಎರಡು ಮೂರು ವರ್ಷಗಳಲ್ಲಿ ಬಿರುಸಾಗಿ. 28ನೆಯ ವಾರಕ್ಕೆ ಹುಟ್ಟಿದ ಕೂಸಿನಲ್ಲಿ ನಿಜವಾದ ವಾಯುಕೋಶಗಳು ಇನ್ನೂ ರೂಪುಗೊಂಡೇ ಇರುವುದಿಲ್ಲ, ಅವುಗಳ ಜಾಗದಲ್ಲಿ ದಪ್ಪ ಗೋಡೆಯ ದೊಡ್ಡ ಚೀಲಗಳಿರುತ್ತವೆ. ಉಸಿರು ಬಿಟ್ಟಾಗ ಈ ಚೀಲಗಳು ಒಳಗೊಳಗೇ ಅಂಟಿಕೊಳ್ಳದಂತೆ ತಡೆಯುವ ಸರ್ಫ್ಯಾಕ್ಟಂಟ್ ಎಂಬ ನುಣುಪಾದ ದ್ರವವೂ ಸಾಕಷ್ಟು ತಯಾರಾಗಿರುವುದಿಲ್ಲ. ತಾಯಿಯ ಗರ್ಭದ ಕತ್ತಲಲ್ಲಿ ನಡೆಯಬೇಕಿದ್ದ ಕಟ್ಟಡದ ಕೆಲಸ ಗಾಳಿ, ಯಂತ್ರ, ಸೋಂಕುಗಳ ನಡುವೆ ನಡೆಯಬೇಕಾದಾಗ ಕೋಶಗಳು ಸಂಖ್ಯೆಯಲ್ಲಿ ಕಡಿಮೆಯೂ ಗಾತ್ರದಲ್ಲಿ ದೊಡ್ಡವೂ ಆಗಿ ಉಳಿಯುತ್ತವೆ, ಅವುಗಳ ಸುತ್ತಲಿನ ರಕ್ತನಾಳಗಳೂ ವಿರಳವಾಗುತ್ತವೆ.

ಇಷ್ಟಾದರೂ ಮುಖ್ಯವಾದ ಸಂಗತಿ ಇದು: ಆ ಕೆಲಸ ಮುಗಿದಿಲ್ಲ. ಮಗು ಬೆಳೆದಂತೆ ಹೊಸ ವಾಯುಕೋಶಗಳು ಸೇರುತ್ತ ಹೋಗುತ್ತವೆ. ಬಹುತೇಕ ಬಿಪಿಡಿ ಮಕ್ಕಳು ಆಕ್ಸಿಜನ್ ಬಿಟ್ಟು ಓಡಾಡುವಂತಾಗುವುದು ಈ ಬೆಳವಣಿಗೆಯ ಬಲದಿಂದಲೇ. ಮನೆಗೆ ಬಂದ ನಂತರದ ಮೊದಲ ಎರಡು ವರ್ಷ ಈ ಮಕ್ಕಳಿಗೆ ಔಷಧಿಗಿಂತಲೂ ಅನ್ನ, ತೂಕ ಮತ್ತು ಶುದ್ಧ ಗಾಳಿ ಹೆಚ್ಚು ಮುಖ್ಯ ಎಂದು ವೈದ್ಯರು ಒತ್ತಿ ಹೇಳುವುದು ಅದಕ್ಕಾಗಿ. ಇದೇ ಎರಡು ವರ್ಷಗಳಲ್ಲಿ ಹೊಗೆ ಮಧ್ಯೆ ಬಂದರೆ ಅದು ಕೆಮ್ಮಿಸಿ ಹೋಗುವ ಹೊಗೆಯಾಗಿ ಉಳಿಯದೆ, ಕಟ್ಟಡಕ್ಕೇ ಕೈ ಹಾಕುತ್ತದೆ.

ಈಗ ಹೊಗೆಯ ಮಾತು. ಸೇದುವವರ ಪಕ್ಕದಲ್ಲಿ ಇರುವವರು ಉಸಿರಾಡುವ ಹೊಗೆ ಎರಡು ಮೂಲಗಳಿಂದ ಬಂದು ಕೂಡಿಕೊಂಡದ್ದು. ಒಂದು, ಸೇದುವವರು ಎಳೆದು ಹೊರಬಿಟ್ಟದ್ದು. ಇನ್ನೊಂದು, ಎರಡು ದಮ್ಮುಗಳ ನಡುವೆ ಬೀಡಿ ಅಥವಾ ಸಿಗರೇಟಿನ ತುದಿ ತಾನೇ ಉರಿಯುತ್ತ ನೇರವಾಗಿ ಗಾಳಿಗೆ ಬಿಡುವುದು. ಸಿಗರೇಟಿನಲ್ಲಿ ಪಕ್ಕದವರಿಗೆ ಸಿಗುವ ಹೊಗೆಯ ಬಹುಪಾಲು ಈ ಎರಡನೆಯದೇ. ಅದು ಕಡಿಮೆ ಶಾಖದಲ್ಲಿ ಅರೆಬರೆ ಉರಿದು ಬಂದದ್ದು, ಯಾವ ಫಿಲ್ಟರನ್ನೂ ಹಾದು ಬಂದದ್ದಲ್ಲ, ತೂಕಕ್ಕೆ ತೂಕ ಹೋಲಿಸಿದರೆ ಸೇದುವವರು ಎಳೆದ ಹೊಗೆಗಿಂತ ಹೆಚ್ಚು ವಿಷಕಾರಿ. ತಂಬಾಕಿನ ಹೊಗೆಯಲ್ಲಿ 7000ಕ್ಕೂ ಹೆಚ್ಚು ರಾಸಾಯನಿಕಗಳನ್ನು ಗುರುತಿಸಲಾಗಿದ್ದು, ಅವುಗಳಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು. ಕ್ಯಾನ್ಸರಿನ ಮಾತು ದೂರದ್ದು. ಮಗುವಿನ ಎದೆಗೆ ತಕ್ಷಣ ತಾಗುವವು ಅಮೋನಿಯ, ಫಾರ್ಮಾಲ್ಡಿಹೈಡ್, ಅಕ್ರೋಲಿನ್‌ನಂಥ ಉರಿ ಹುಟ್ಟಿಸುವ ಅನಿಲಗಳು, ಕಾರ್ಬನ್ ಮಾನಾಕ್ಸೈಡ್, ನಿಕೋಟಿನ್ ಮತ್ತು ಅತಿ ಸಣ್ಣ ಕಣಗಳು. ಈ ಕಣಗಳಲ್ಲಿ ಹೆಚ್ಚಿನವು ಒಂದು ಮೈಕ್ರಾನಿಗಿಂತಲೂ ಚಿಕ್ಕವು. ತಲೆಗೂದಲೆಳೆಯ ದಪ್ಪ ಸುಮಾರು 70 ಮೈಕ್ರಾನ್ ಎಂದು ನೆನಪಿಟ್ಟರೆ, ಇವು ಮೂಗಿನ ಕೂದಲಿಗೂ ಗಂಟಲಿನ ಕಫಕ್ಕೂ ಸಿಗದೆ ನೇರವಾಗಿ ವಾಯುಕೋಶದವರೆಗೆ ಇಳಿಯುವುದರಲ್ಲಿ ಆಶ್ಚರ್ಯವಿಲ್ಲ.

ಬೀಡಿಯ ಬಗ್ಗೆ ನಮ್ಮಲ್ಲಿ ಒಂದು ತಪ್ಪು ನಂಬಿಕೆ ಇದೆ: ಎಲೆಯಲ್ಲಿ ಸುತ್ತಿದ್ದು, ಸಣ್ಣದು, ಆದ್ದರಿಂದ ಸಿಗರೇಟಿಗಿಂತ ಮೃದು ಎಂದು. ಬೀಡಿಯಲ್ಲಿ ತಂಬಾಕು ಕಡಿಮೆ ಇರುವುದು ನಿಜ, ಸಿಗರೇಟಿನ ಸುಮಾರು ಕಾಲುಭಾಗ. ಆದರೆ ಬೀಡಿ ಎಲೆಗೆ ಗಾಳಿ ನುಸುಳುವ ರಂಧ್ರಗಳಿಲ್ಲ. ಬಿಟ್ಟರೆ ಆರಿಹೋಗುತ್ತದೆಂದು ಪದೇ ಪದೇ, ಜೋರಾಗಿ ಎಳೆಯಬೇಕಾಗುತ್ತದೆ. ಹೀಗೆ ಎಳೆದ ಹೊಗೆಯಲ್ಲಿ ನಿಕೋಟಿನ್, ಟಾರ್ ಮತ್ತು ಕಾರ್ಬನ್ ಮಾನಾಕ್ಸೈಡ್ ಸಿಗರೇಟಿಗಿಂತ ಹೆಚ್ಚೇ ಇರುತ್ತವೆ. ದೇಶದಲ್ಲಿ ಸಿಗರೇಟು ಸೇದುವವರಿಗಿಂತ ಬೀಡಿ ಸೇದುವವರು ಹೆಚ್ಚು ಎಂಬುದು 2016-17ರ ವಯಸ್ಕರ ತಂಬಾಕು ಸಮೀಕ್ಷೆಯ ಲೆಕ್ಕ. ಅದೇ ಸಮೀಕ್ಷೆಯಲ್ಲಿ ಶೇ. 38.7ರಷ್ಟು ವಯಸ್ಕರು ಮನೆಯಲ್ಲೇ ಬೇರೆಯವರ ಹೊಗೆಗೆ ಒಡ್ಡಿಕೊಂಡಿರುವುದಾಗಿ ಹೇಳಿದ್ದರು. 2009-10ರಲ್ಲಿ ಈ ಪ್ರಮಾಣ ಶೇ. 52.3 ಇತ್ತು. ಇಳಿದಿದೆ, ಆದರೂ ಹತ್ತರಲ್ಲಿ ಸುಮಾರು ನಾಲ್ವರು. ಆ ಮನೆಗಳಲ್ಲಿ ಎಷ್ಟು ತೊಟ್ಟಿಲುಗಳಿದ್ದವೋ ಎಂದು ಯೋಚಿಸಿದರೆ ಮನಸ್ಸು ಭಾರವಾಗುತ್ತದೆ.

ಒಂದೇ ಕೋಣೆಯಲ್ಲಿದ್ದರೂ ದೊಡ್ಡವರಿಗೂ ಕೂಸಿಗೂ ಒಂದೇ ಪ್ರಮಾಣದ ಹೊಗೆ ಹೋಗುವುದಿಲ್ಲ. ಎಳೆಗೂಸು ನಿಮಿಷಕ್ಕೆ 40ರಿಂದ 60 ಸಲ ಉಸಿರಾಡುತ್ತದೆ, ನಾವು 12ರಿಂದ 20 ಸಲ. ದೇಹದ ತೂಕಕ್ಕೆ ಹೋಲಿಸಿದರೆ ಕೂಸು ನಮಗಿಂತ ಎಷ್ಟೋ ಪಟ್ಟು ಗಾಳಿ ಎಳೆಯುತ್ತದೆ. ಬಿಪಿಡಿ ಇರುವ ಕೂಸು ಇನ್ನೂ ಬೇಗ ಉಸಿರಾಡುತ್ತದೆ, ಏಕೆಂದರೆ ಅದಕ್ಕೆ ಕೋಶಗಳೇ ಕಡಿಮೆ. ಇದರ ಮೇಲೆ ನಾಳದ ಅಗಲದ ಲೆಕ್ಕವಿದೆ. ನಾಳದಲ್ಲಿ ಗಾಳಿ ಹರಿಯಲು ಎದುರಾಗುವ ತಡೆ ಅದರ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿ ಏರುತ್ತದೆ ಎಂಬುದು ಭೌತಶಾಸ್ತ್ರದ ಹಳೆಯ ನಿಯಮ. ಮಾತಿನಲ್ಲಿ ಕಠಿಣವಾಗಿ ಕೇಳಿಸಿದರೂ ಅರ್ಥ ಸರಳ. ಎಂಟು ಮಿಲಿಮೀಟರ್ ಅಗಲದ ನಾಳದ ಒಳಗೋಡೆ ಸುತ್ತಲೂ ಒಂದು ಮಿಲಿಮೀಟರ್ ಊದಿಕೊಂಡರೆ ತಡೆ ಸುಮಾರು ಮೂರು ಪಟ್ಟಾಗುತ್ತದೆ. ಎಳೆಗೂಸಿನ ನಾಲ್ಕು ಮಿಲಿಮೀಟರ್ ನಾಳದಲ್ಲಿ ಅಷ್ಟೇ ಊತ ಬಂದರೆ ತಡೆ 16 ಪಟ್ಟಾಗುತ್ತದೆ. ನಮಗೆ ಗಂಟಲು ಕೆರೆತ ತರುವಷ್ಟು ಹೊಗೆ ಕೂಸಿನ ಪಕ್ಕೆಲುಬುಗಳ ನಡುವಿನ ಚರ್ಮವನ್ನು ಒಳಕ್ಕೆಳೆಯುವಂತೆ ಮಾಡಬಲ್ಲದು ಎಂಬುದರ ಹಿಂದೆ ಇರುವುದು ಈ ಲೆಕ್ಕ.

ಹೊಗೆ ನಾಳದೊಳಗೆ ಮಾಡುವ ಕೆಲಸ ಒಂದಲ್ಲ. ಒಳಗೋಡೆಯ ಮೇಲೆ ಸಣ್ಣ ಕುಂಚಗಳಂತಿರುವ ಲೋಮಗಳು ಕಫವನ್ನೂ ರೋಗಾಣುಗಳನ್ನೂ ಸದಾ ಮೇಲಕ್ಕೆ ಗುಡಿಸುತ್ತಿರುತ್ತವೆ. ಹೊಗೆ ಅವುಗಳನ್ನು ನಿಧಾನಗೊಳಿಸುತ್ತದೆ, ಅದೇ ವೇಳೆಗೆ ಕಫವನ್ನು ಹೆಚ್ಚಿಸುತ್ತದೆ. ಗುಡಿಸುವವರು ಕಡಿಮೆಯಾಗಿ ಕಸ ಹೆಚ್ಚಾದಂತೆ. ಬೇರೆ ಮಕ್ಕಳಲ್ಲಿ ನೆಗಡಿಯಾಗಿ ಮುಗಿಯುವ ಆರ್‌ಎಸ್‌ವಿಯಂಥ ವೈರಸ್ ಇಂಥ ಮಗುವಿನಲ್ಲಿ ಎದೆಗಿಳಿದು ಮತ್ತೆ ಆಸ್ಪತ್ರೆ ಸೇರಿಸುತ್ತದೆ, ಪ್ರತಿ ಸೋಂಕೂ ಬೆಳವಣಿಗೆಯನ್ನು ಒಂದಷ್ಟು ವಾರ ಹಿಂದಕ್ಕೆ ತಳ್ಳುತ್ತದೆ. ನಿಕೋಟಿನ್ ಬೇರೆಯೇ ದಾರಿ ಹಿಡಿಯುತ್ತದೆ. ಬೆಳೆಯುತ್ತಿರುವ ಶ್ವಾಸಕೋಶದ ಜೀವಕೋಶಗಳ ಮೇಲೆ ಅದು ಅಂಟಿಕೊಳ್ಳಬಲ್ಲ ಜಾಗಗಳಿದ್ದು, ನಾಳಗಳ ಆಕಾರ ಮತ್ತು ಗೋಡೆಯ ರಚನೆಯನ್ನೇ ಅದು ಬದಲಿಸಬಲ್ಲದು. ಬಸುರಿಯರ ಎದುರು ಸೇದಬಾರದು ಎನ್ನುವುದಕ್ಕೂ ಇದೇ ಒಂದು ಮುಖ್ಯ ಕಾರಣ. ಆಕೆ ಸೇದದಿದ್ದರೂ ನಿಕೋಟಿನ್ ಕರುಳುಬಳ್ಳಿಯ ದಾರಿಯಾಗಿ ಕೂಸನ್ನು ತಲುಪುತ್ತದೆ.

ಕಾರ್ಬನ್ ಮಾನಾಕ್ಸೈಡಿನ ಬಗ್ಗೆ ಒಂದು ಮಾತನ್ನು ಬಿಡಿಸಿ ಹೇಳಬೇಕು, ಮನೆಯಲ್ಲಿ ಆಕ್ಸಿಜನ್ ಇಟ್ಟುಕೊಂಡವರಿಗಾಗಿ. ರಕ್ತದಲ್ಲಿ ಆಕ್ಸಿಜನ್ ಹೊರುವ ಹಿಮೋಗ್ಲೋಬಿನ್ನಿಗೆ ಈ ಅನಿಲ ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಪರೋಕ್ಷ ಧೂಮಪಾನದಲ್ಲಿ ಒಳಹೋಗುವ ಪ್ರಮಾಣ ಸಣ್ಣದು, ಆರೋಗ್ಯವಂತರಿಗೆ ಗೊತ್ತೇ ಆಗದಷ್ಟು. ಆದರೆ ಒಂದೊಂದು ಶೇಕಡಾ ಆಕ್ಸಿಜನ್ನಿಗೂ ಹೋರಾಡುತ್ತಿರುವ ಕೂಸಿನ ಮೂಗಿಗೆ ನಳಿಕೆಯಲ್ಲಿ ಆಕ್ಸಿಜನ್ ಕೊಡುತ್ತ, ಅದೇ ಕೋಣೆಯ ಗಾಳಿಯಲ್ಲಿ ಅದರ ಜಾಗ ಕಸಿಯುವ ಅನಿಲವನ್ನು ಬಿಡುವುದು ತುಂಬಿಸುತ್ತಿರುವ ಕೊಡಕ್ಕೆ ತಳದಲ್ಲಿ ತೂತು ಮಾಡಿದಂತೆ. ಇನ್ನೂ ಒಂದು ತೊಡಕೆಂದರೆ, ಬೆರಳಿಗೆ ಅಥವಾ ಪಾದಕ್ಕೆ ಹಾಕುವ ಸಾಮಾನ್ಯ ಪಲ್ಸ್ ಆಕ್ಸಿಮೀಟರ್ ಈ ಎರಡನ್ನೂ ಬೇರ್ಪಡಿಸಿ ಓದಲಾರದು. ಕಾರ್ಬನ್ ಮಾನಾಕ್ಸೈಡ್ ಕೂತ ಹಿಮೋಗ್ಲೋಬಿನ್ನನ್ನೂ ಅದು ಆಕ್ಸಿಜನ್ ಕೂತದ್ದೆಂದೇ ಎಣಿಸುತ್ತದೆ. ಆದ್ದರಿಂದ “ಮಷೀನ್‌ನಾಗ 95 ತೋರಸ್ತದ, ಏನೂ ಆಗಿಲ್ಲ” ಎಂಬ ಸಮಾಧಾನವನ್ನು ಹೊಗೆಯ ವಿಷಯದಲ್ಲಿ ನಂಬಬಾರದು.

ಈಗ ಮತ್ತೆ ನಮ್ಮ ಕಟ್ಟೆಗೆ ಬರುತ್ತೇನೆ. ಹೊರಗೆ ಸೇದಿದರೆ ಸಾಕಲ್ಲವೇ ಎಂಬ ಪ್ರಶ್ನೆಗೆ ನನಗೆ ಸಿಕ್ಕ ಅತ್ಯಂತ ಸ್ಪಷ್ಟ ಉತ್ತರ ಸ್ವೀಡನ್ನಿನ ಒಂದು ಅಧ್ಯಯನದ್ದು, 2004ರಲ್ಲಿ ಪ್ರಕಟವಾದದ್ದು. ನಿಕೋಟಿನ್ ದೇಹದಲ್ಲಿ ಕರಗಿ ಕೋಟಿನಿನ್ ಎಂಬ ವಸ್ತುವಾಗುತ್ತದೆ, ಮೂತ್ರದಲ್ಲಿ ಅದನ್ನು ಅಳೆದರೆ ಕಳೆದ ಕೆಲವು ದಿನಗಳಲ್ಲಿ ಮಗುವಿಗೆ ಎಷ್ಟು ಹೊಗೆ ತಾಗಿದೆ ಎಂಬುದು ತಿಳಿಯುತ್ತದೆ. ಎರಡೂವರೆ ಮೂರು ವರ್ಷದ ಮಕ್ಕಳಲ್ಲಿ ಇದನ್ನು ಅಳೆದು ನೋಡಿದಾಗ, ಯಾರೂ ಸೇದದ ಮನೆಯ ಮಕ್ಕಳಿಗೆ ಹೋಲಿಸಿದರೆ, ಮನೆಯೊಳಗೆ ಸೇದುವವರ ಮಕ್ಕಳಲ್ಲಿ ಕೋಟಿನಿನ್ ಸುಮಾರು 15 ಪಟ್ಟಿತ್ತು. ತೆರೆದ ಬಾಗಿಲ ಹತ್ತಿರ ನಿಂತು ಸೇದುವವರ ಮಕ್ಕಳಲ್ಲಿ ಎರಡೂಕಾಲು ಪಟ್ಟಿಗಿಂತ ಹೆಚ್ಚು. ಬಾಗಿಲು ಮುಚ್ಚಿ ಹೊರಗೆ ಹೋಗಿ ಸೇದುವವರ ಮಕ್ಕಳಲ್ಲೂ ಸುಮಾರು ಎರಡು ಪಟ್ಟು. ಈ ಅಂಕಿಗಳನ್ನು ಎರಡು ಕಡೆಯಿಂದಲೂ ಓದಬೇಕು. ಹೊರಗೆ ಹೋಗುವುದರಿಂದ ಆಗುವ ಉಪಕಾರ ದೊಡ್ಡದು, ಅದನ್ನು ಅಲ್ಲಗಳೆಯುವಂತಿಲ್ಲ, ಈ ಕ್ಷಣದಲ್ಲಿ ಬಿಡಲಾಗದವರು ಅದನ್ನಂತೂ ಮಾಡಲೇಬೇಕು. ಆದರೆ ಹದಿನೈದು ಎರಡಾಯಿತೇ ಹೊರತು ಒಂದಾಗಲಿಲ್ಲ.

ಉಳಿದ ಆ ಹೊಗೆ ಬಾಗಿಲು ಮುಚ್ಚಿದ್ದರೂ ಒಳಗೆ ಬಂದದ್ದು ಎಲ್ಲಿಂದ? ಒಂದು ಪಾಲು ಸೇದಿದವರ ಉಸಿರಿನಿಂದಲೇ. ಕೊನೆಯ ದಮ್ಮು ಎಳೆದ ಮೇಲೂ ಹಲವು ಉಸಿರುಗಳವರೆಗೆ ಕಣಗಳು ಹೊರಬರುತ್ತಲೇ ಇರುತ್ತವೆ. ಇನ್ನೊಂದು ಪಾಲು ಬಟ್ಟೆ, ಕೂದಲು, ಮೀಸೆ, ಬೆರಳುಗಳಿಗೆ ಅಂಟಿಕೊಂಡು ಬಂದದ್ದು. ನಮ್ಮ ಅಪ್ಪ ಹೆಗಲ ಮೇಲೆ ಸದಾ ಒಂದು ವಲ್ಲಿ ಹಾಕಿರುತ್ತಾರೆ. ಅದರಿಂದಲೇ ಬೆವರು ಒರೆಸುತ್ತಾರೆ, ಅದರ ಮೇಲೆಯೇ ಮೊಮ್ಮಗನ ತಲೆ ಇಟ್ಟುಕೊಂಡು ತಟ್ಟಿ ಮಲಗಿಸುತ್ತಿದ್ದರು. ಒಂದು ದಿನ ಗೂಟಕ್ಕೆ ನೇತುಹಾಕಿದ್ದ ಆ ವಲ್ಲಿಯನ್ನು ಮೂಗಿಗೆ ಹಿಡಿದು ನೋಡಿದೆ. ಹಿಂದಿನ ದಿನವಷ್ಟೇ ಒಗೆದದ್ದು, ಆದರೂ ಕೂಸಿನ ಮೂಗು ತಾಗುವ ಭುಜದ ಮಡಿಕೆಯಲ್ಲಿ ಬೀಡಿಯ ಕಮಟು ಗಟ್ಟಿಯಾಗಿ ಕೂತಿತ್ತು. ಹೀಗೆ ಅಂಟಿ ಉಳಿದ ಹೊಗೆ ಸುಮ್ಮನೆ ವಾಸನೆಯಲ್ಲ. ಮೇಲ್ಮೈಗಳ ಮೇಲೆ ಕೂತ ನಿಕೋಟಿನ್ ಕೋಣೆಯ ಗಾಳಿಯಲ್ಲಿನ ನೈಟ್ರಸ್ ಆಮ್ಲದೊಡನೆ ಸೇರಿ ಕ್ಯಾನ್ಸರ್‌ಕಾರಕ ನೈಟ್ರೋಸಮೈನ್‌ಗಳಾಗುತ್ತದೆ ಎಂದು 2010ರಲ್ಲಿ ತೋರಿಸಲಾಗಿದೆ. ಸೀರೆಯ ಜೋಳಿಗೆ, ಕೌದಿ, ಹಾಸಿಗೆ ಎಲ್ಲವೂ ಇದನ್ನು ಹೀರಿಕೊಂಡು ನಿಧಾನವಾಗಿ ಬಿಡುತ್ತಿರುತ್ತವೆ.

ನಮ್ಮ ಭಾಗದ ಮನೆಗಳ ರಚನೆಯೂ ಇದಕ್ಕೆ ಸೇರಿಕೊಳ್ಳುತ್ತದೆ. ಶಹಾಬಾದಿನ ಫರ್ಸಿ ಹಾಸಿದ ದಪ್ಪ ಗೋಡೆಯ ಮನೆಗಳಲ್ಲಿ ಬಿಸಿಲಿಗೆ ಹೆದರಿ ಕಿಟಕಿಗಳನ್ನು ಸಣ್ಣದಾಗಿಯೂ ಎತ್ತರದಲ್ಲಿಯೂ ಇಡುವುದು ವಾಡಿಕೆ. ಬಾಗಿಲೇ ಗಾಳಿಯ ಮುಖ್ಯ ದಾರಿ, ಕಟ್ಟೆ ಇರುವುದು ಆ ಬಾಗಿಲಿಗೆ ಅಂಟಿಕೊಂಡೇ. ಗಾಳಿ ಒಳಮುಖವಾಗಿ ಬೀಸಿದಾಗ ಕಟ್ಟೆಯ ಹೊಗೆ ಪಡಸಾಲೆಗೆ ಬರದೆ ಬೇರೆಲ್ಲಿಗೆ ಹೋಗಬೇಕು? ಚಳಿಗಾಲದಲ್ಲಿ, ಅದರಲ್ಲೂ ಬೀದರಿನ ಕಡೆ, ಬಾಣಂತಿಗೆ ಥಂಡಿ ತಾಗಬಾರದೆಂದು ಎಲ್ಲ ಮುಚ್ಚಿದಾಗ, ಒಳಗೆ ಬಂದ ಹೊಗೆ ಕಣ್ಣಿಗೆ ಕಾಣದಂತಾದ ಮೇಲೂ ಗಂಟೆಗಟ್ಟಲೆ ಉಳಿಯುತ್ತದೆ. ತಪಾಸಣೆಗೆಂದು ಕೂಸನ್ನು ಕರೆದೊಯ್ಯುವ ಟಂಟಂನಲ್ಲಿ ಚಾಲಕರೋ ಪಕ್ಕದ ಪ್ರಯಾಣಿಕರೋ ಸೇದಿದರೆ ಅದೂ ಲೆಕ್ಕಕ್ಕೆ ಬರುತ್ತದೆ.

ಹಾಗೆಂದು ತಂಬಾಕಿನ ಹೊಗೆಯೊಂದೇ ಹೊಗೆಯಲ್ಲ. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳು ಉರಿಸುವ ಒಲೆ, ಎಣ್ಣೆ ನೀರು ಹಾಕಿದ ಮೇಲೆ ಕೂಸಿಗೆ ಹಿಡಿಯುವ ಲೋಬಾನದ ಹೊಗೆ, ಬಾಣಂತಿಯ ಹೊರಸಿನ ಕೆಳಗಿನ ಕೆಂಡ, ಸೊಳ್ಳೆ ಬತ್ತಿ, ಇವೆಲ್ಲವೂ ಇಂಥ ಮಗುವಿಗೆ ಬೇಡ. ಒಂದು ಸೊಳ್ಳೆ ಬತ್ತಿ ಪೂರ್ತಿ ಉರಿದಾಗ ಬಿಡುವ ಸೂಕ್ಷ್ಮ ಕಣಗಳು 75ಕ್ಕೂ ಹೆಚ್ಚು ಸಿಗರೇಟುಗಳಿಗೆ ಸಮ ಎಂದು ಅಳೆದವರಿದ್ದಾರೆ. ಸೊಳ್ಳೆ ಪರದೆ ಕಟ್ಟುವುದೇ ಒಳ್ಳೆಯದು. ಲೋಬಾನದ ವಿಷಯದಲ್ಲಿ ಮನೆಯ ಹಿರಿಯ ಹೆಂಗಸರಿಗೆ ನೋವಾಗದಂತೆ ಹೇಳುವುದು ಕಷ್ಟ. ನಮ್ಮ ಅವ್ವನಿಗೆ ತಂಗಿ ಹೇಳಿದ್ದು ಇಷ್ಟೇ: “ಆಕ್ಸಿಜನ್ ಬಿಡೋ ತನಕ ಬ್ಯಾಡವ್ವಾ.”

ಬಿಪಿಡಿ ಮಕ್ಕಳ ಬಗ್ಗೆಯೇ ನಡೆದ ಒಂದು ಅಧ್ಯಯನವನ್ನು ಇಲ್ಲಿ ಹೇಳಬೇಕು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಮಕ್ಕಳ ಶ್ವಾಸಕೋಶ ತಜ್ಞರು ಈ ಮಕ್ಕಳ ಕೂದಲಿನಲ್ಲಿ ನಿಕೋಟಿನ್ ಅಳೆದು 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಅದು ತಿಂಗಳುಗಳ ಲೆಕ್ಕವನ್ನು ಇಟ್ಟುಕೊಂಡಿರುತ್ತದೆ. ಮನೆಯವರು ಹೇಳಿದ್ದಕ್ಕೂ ಕೂದಲು ಹೇಳಿದ್ದಕ್ಕೂ ಎಲ್ಲ ಕಡೆ ತಾಳೆಯಾಗಲಿಲ್ಲ. ಉಸಿರಾಟದ ನೆರವು ಪಡೆಯುತ್ತಿದ್ದ ಮಕ್ಕಳಲ್ಲಿ ಕೂದಲಿನ ನಿಕೋಟಿನ್ ಹೆಚ್ಚಿದ್ದವರು ಆಸ್ಪತ್ರೆ ಸೇರಿದ್ದೂ ಹೆಚ್ಚು. ಅಸ್ತಮಾ ಇರುವ ದೊಡ್ಡ ಮಕ್ಕಳ ವಿಷಯದಲ್ಲಿ ಪುರಾವೆ ಇನ್ನೂ ವಿಸ್ತಾರವಾಗಿದೆ. ಸ್ಕಾಟ್ಲೆಂಡಿನಲ್ಲಿ 2006ರಲ್ಲಿ ಮುಚ್ಚಿದ ಸಾರ್ವಜನಿಕ ಜಾಗಗಳಲ್ಲಿ ಧೂಮಪಾನ ನಿಷೇಧವಾಗುವ ಮೊದಲು ಮಕ್ಕಳ ಅಸ್ತಮಾ ದಾಖಲಾತಿ ವರ್ಷಕ್ಕೆ ಸರಾಸರಿ ಶೇ. 5.2ರಂತೆ ಏರುತ್ತಿತ್ತು, ಆಮೇಲೆ ಅದು ವರ್ಷಕ್ಕೆ ಶೇ. 18.2ರಂತೆ ಇಳಿಯತೊಡಗಿತು. ಬೇರೆ ಬೇರೆ ದೇಶಗಳ ಇಂಥ ಕಾನೂನುಗಳನ್ನು ಒಟ್ಟಿಗೆ ಪರಿಶೀಲಿಸಿದ 2014ರ ವಿಶ್ಲೇಷಣೆಯೊಂದು, ದಿನ ತುಂಬದ ಹೆರಿಗೆಗಳೇ ಸುಮಾರು ಶೇ. 10ರಷ್ಟು ಕಡಿಮೆಯಾದದ್ದನ್ನು ಕಂಡಿತು.

ನಮ್ಮಲ್ಲೂ ಕಾನೂನಿದೆ. 2003ರ ತಂಬಾಕು ನಿಯಂತ್ರಣ ಕಾಯ್ದೆಯ ಕೆಳಗೆ 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷಿದ್ಧ, ಕರ್ನಾಟಕದ ತಿದ್ದುಪಡಿಯಿಂದ 2025ರಲ್ಲಿ ದಂಡ 200 ರೂಪಾಯಿಯಿಂದ 1000 ರೂಪಾಯಿಗೆ ಏರಿದೆ. ಆದರೆ ಯಾವ ಕಾನೂನೂ ಮನೆಯ ಹೊಸ್ತಿಲು ದಾಟಿ ಬರುವುದಿಲ್ಲ. ಅಲ್ಲಿ ನಡೆಯುವುದು ಸಂಬಂಧಗಳ ಕಾನೂನು. ಗಂಡನ ಮನೆಯಲ್ಲಿ ಸೊಸೆ ಮಾವನಿಗೆ “ಕೈ ತೊಳಕೊಂಡು ಬರ್ರಿ” ಎನ್ನುವುದು ಎಷ್ಟು ಕಷ್ಟ ಎಂಬುದು ನಮ್ಮ ಕಡೆಯ ಎಲ್ಲ ಹೆಣ್ಣುಮಕ್ಕಳಿಗೂ ಗೊತ್ತು. ನನ್ನ ತಂಗಿ ತವರಿನಲ್ಲಿದ್ದಳು, ಮಾತಾಡಬೇಕಾದದ್ದು ಹೆತ್ತ ಅಪ್ಪನೊಡನೆ, ಅದಕ್ಕೂ ಆಕೆಗೆ ಎರಡು ತಿಂಗಳು ಬೇಕಾಯಿತು. ಆದ್ದರಿಂದ ಈ ಭಾರವನ್ನು ಬಾಣಂತಿಯ ತಲೆಗೆ ಕಟ್ಟಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆಸ್ಪತ್ರೆಯವರೇ ಮನೆಯ ಗಂಡಸರನ್ನು ಕರೆಸಿ ಕೂರಿಸಿ ಹೇಳಬೇಕು. ಕೇಳುವ ಪ್ರಶ್ನೆಯೂ ಬದಲಾಗಬೇಕು. “ಮನೆಯಲ್ಲಿ ಸೇದುತ್ತಾರೆಯೇ” ಎಂಬುದಕ್ಕೆ “ಇಲ್ಲ” ಎಂಬ ಉತ್ತರ ಸುಲಭ, ಪ್ರಾಮಾಣಿಕವೂ ಹೌದು. “ಈ ಕೂಸನ್ನು ಎತ್ತಿಕೊಳ್ಳುವವರಲ್ಲಿ ಯಾರು ಸೇದುತ್ತಾರೆ, ಎಲ್ಲಿ ಕೂತು ಸೇದುತ್ತಾರೆ, ಸೇದಿ ಎಷ್ಟು ಹೊತ್ತಿಗೆ ಎತ್ತಿಕೊಳ್ಳುತ್ತಾರೆ” ಎಂದು ಕೇಳಿದರೆ ಮನೆಯ ನಿಜವಾದ ಚಿತ್ರ ಹೊರಬರುತ್ತದೆ.

ನಮ್ಮ ಮನೆಯಲ್ಲಿ ಆದದ್ದು ಹಾಗೆಯೇ. ಎರಡನೆಯ ಸಲ ಕೂಸಿಗೆ ಉಬ್ಬಸ ಬಂದು ಆಸ್ಪತ್ರೆಗೆ ಸೇರಿಸಿದಾಗ ಬೇರೊಬ್ಬ ವೈದ್ಯರು ಪ್ರಶ್ನೆಯನ್ನು ಹೀಗೆ ಕೇಳಿದರು, ಉತ್ತರ ಕೇಳಿ ಅಪ್ಪನನ್ನೇ ಕರೆಸಿದರು. ಬೈಯಲಿಲ್ಲ. ಅಪ್ಪ ಫರ್ಸಿ ಗಣಿಯಲ್ಲೂ ಆಮೇಲೆ ಮನೆ ಕಟ್ಟುವ ಕೆಲಸದಲ್ಲೂ ಜೀವ ಸವೆಸಿದವರು ಎಂದು ತಿಳಿದುಕೊಂಡು, “ಯಜಮಾನ್ರ, ಈ ಕೂಸಿನ ಪುಪ್ಪುಸ ಇನ್ನಾ ಹಸಿ ಗ್ವಾಡಿ ಅದರಿ. ಹಸಿ ಗ್ವಾಡಿ ಮ್ಯಾಲ ನೀವು ಭಾರ ಹೇರ್ತೀರೇನು?” ಎಂದು ಕೇಳಿದರು. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ “ಎಷ್ಟ್ ದಿನಕ್ಕ ಒಣಗ್ತದ್ರಿ?” ಎಂದರು. “ಎರಡು ಮೂರು ವರ್ಷ” ಎಂಬ ಉತ್ತರ ಬಂತು.

ಆ ದಿನವೇ ವೈದ್ಯರು ಹೇಳಿದ ಇನ್ನೊಂದು ಮಾತು ಎಲ್ಲಕ್ಕಿಂತ ಮೊದಲು ಗೊತ್ತಾಗಬೇಕಾದದ್ದು. ಮನೆಯಲ್ಲಿ ಆಕ್ಸಿಜನ್ ಸಿಲಿಂಡರ್ ಅಥವಾ ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸಿ ಕೊಡುವ ಕಾನ್ಸಂಟ್ರೇಟರ್ ಯಂತ್ರ ಇದ್ದರೆ ಅದರ ಹತ್ತಿರ ಬೀಡಿ, ಬೆಂಕಿಕಡ್ಡಿ, ಊದಿನಕಡ್ಡಿ, ದೀಪ, ಒಲೆ ಯಾವುದೂ ಇರಬಾರದು, ಕನಿಷ್ಠ ಮೂರು ಮೀಟರ್ ದೂರವಿರಬೇಕು. ಆಕ್ಸಿಜನ್ ತಾನೇ ಉರಿಯುವುದಿಲ್ಲ, ಆದರೆ ಉರಿಯುವ ಪ್ರತಿಯೊಂದನ್ನೂ ಭುಗಿಲೆಬ್ಬಿಸುತ್ತದೆ. ನಳಿಕೆಯಿಂದ ಸೋರಿದ ಆಕ್ಸಿಜನ್ ಹಾಸಿಗೆ ಬಟ್ಟೆಗಳ ಎಳೆಗಳಲ್ಲಿ ಸ್ವಲ್ಪ ಹೊತ್ತು ನಿಂತಿರುತ್ತದೆ, ಅಂಥ ಬಟ್ಟೆಗೆ ಒಂದು ಕಿಡಿ ಸಾಕು. ಕೂಸನ್ನು ಮಡಿಲಲ್ಲಿಟ್ಟುಕೊಂಡಿದ್ದವರು ಎದ್ದು ಹೋಗಿ ತಕ್ಷಣ ಬೀಡಿ ಹಚ್ಚುವುದೂ ಇದೇ ಕಾರಣಕ್ಕೆ ಅಪಾಯ.

ಬಿಡುವುದು ಹೇಗೆ ಎಂಬುದು ಸೇದುವವರ ಪಾಲಿನ ದೊಡ್ಡ ಪ್ರಶ್ನೆ. ಅದನ್ನು ಮನಸ್ಸಿನ ದಾರ್ಢ್ಯದ ಮಾತೆಂದು ತಳ್ಳಿಹಾಕುವುದು ಅನ್ಯಾಯ. ನಿಕೋಟಿನ್ ಬಿಟ್ಟಾಗಿನ ಸಿಡುಕು, ನಿದ್ರೆಗೆಡುವುದು, ಚಡಪಡಿಕೆ ಮೊದಲ ಎರಡು ಮೂರು ದಿನ ಅತಿ ಹೆಚ್ಚು, ಆಮೇಲೆ ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತದೆ. ನಿಕೋಟಿನ್ ಚೂಯಿಂಗ್ ಗಮ್ ಮತ್ತು ವೈದ್ಯರು ಬರೆದುಕೊಡುವ ಮಾತ್ರೆಗಳು ಈ ವಾರಗಳನ್ನು ದಾಟಿಸಲು ನೆರವಾಗುತ್ತವೆ. 1800-112-356 ಸಂಖ್ಯೆಯ ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿಗೆ ಕರೆ ಉಚಿತ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಅದರ ಕೇಂದ್ರವಿದೆ. ಬೀಡಿ ಬಿಟ್ಟು ಗುಟ್ಕಾ, ತಂಬಾಕು ಜಗಿಯುವುದಕ್ಕೆ ಹೊರಳುವವರು ಬಹಳ. ಕೂಸಿಗೆ ಹೊಗೆ ತಪ್ಪುತ್ತದೆ, ಆದರೆ ಅವರ ಬಾಯಿಗೆ ಕ್ಯಾನ್ಸರ್ ಕಾದಿರುತ್ತದೆ. ಬಿಡುವ ತನಕದ ದಿನಗಳಲ್ಲಿ ಮಾಡಬಹುದಾದದ್ದು ಇಷ್ಟು: ಕಟ್ಟೆ ಬಿಟ್ಟು ಮನೆಯಿಂದ ದೂರ ಹೋಗಿ ಸೇದುವುದು, ಸೇದಿದ ಮೇಲೆ ಹೊರಗೇ ಸ್ವಲ್ಪ ಹೊತ್ತು ನಿಲ್ಲುವುದು, ಮುಖ, ಕೈ, ಬಾಯಿ ತೊಳೆದು ಅಂಗಿ ಮತ್ತು ವಲ್ಲಿ ಬದಲಿಸಿಯೇ ಕೂಸನ್ನು ಮುಟ್ಟುವುದು.

ಅಪ್ಪ ಎರಡು ಸಲ ಬಿಟ್ಟು ಮತ್ತೆ ಹಿಡಿದರು, ಮೂರನೆಯ ಸಲಕ್ಕೆ ನಿಂತಿತು. ಕೂಸಿಗೆ ಹನ್ನೊಂದು ತಿಂಗಳಾದಾಗ ಆಕ್ಸಿಜನ್ ಬೇಡವಾಯಿತು. ಬೀಡಿ ನಿಂತದ್ದರಿಂದಲೇ ಹಾಗಾಯಿತು ಎಂದು ನಾನು ಹೇಳಲಾರೆ, ಶ್ವಾಸಕೋಶ ತನ್ನಷ್ಟಕ್ಕೂ ಬೆಳೆಯುತ್ತಿತ್ತು. ಕಳೆದ ತಪಾಸಣೆಗೆ ಹೋದಾಗ ಅದೇ ವೈದ್ಯರು ಅದೇ ಪ್ರಶ್ನೆ ಕೇಳಿದರು. ತಂಗಿ ಈ ಸಲ “ಇಲ್ರಿ” ಎನ್ನಲಿಲ್ಲ. “ಅಪ್ಪ ಬಿಟ್ಟು ಐದ್ ತಿಂಗಳಾತ್ರಿ. ಬಾಜೂ ಮನಿ ಕಾಕಾ ಸೇದ್ತಾರ್ರಿ, ಆದ್ರ ಕೂಸಿನ್ನ ಎತ್ಕೊಳ್ಳಲ್ರಿ. ನಮ್ಮ ಮನಿಯವರು ಪುಣೆದಿಂದ ಬಂದಾಗ ದಿನಕ್ಕ ಎರಡು ಸಿಗರೇಟ್ ಸೇದ್ತಾರ್ರಿ, ಹೊಲದ ಕಡಿ ಹೋಗಿ. ಬಂದ ಮ್ಯಾಲ ಅಂಗಿ ಬದಲ್ ಮಾಡ್ತಾರ್ರಿ, ಒಮ್ಮೊಮ್ಮೆ ಮರೀತಾರ್ರಿ” ಎಂದಳು. ವೈದ್ಯರು ಪೆನ್ನು ತೆಗೆದುಕೊಂಡು ಅದನ್ನೆಲ್ಲ ಒಂದೂ ಬಿಡದೆ ಚೀಟಿಯಲ್ಲಿ ಬರೆದುಕೊಂಡರು.